ಖಾಲಿ ಜಾಗದ ಕಥೆ: ಐದು ಸೆಂಟಿನ ನಾಣ್ಯದಿಂದ ಸೆನ್ಸರ್‌ವರೆಗೆ

ಬೀದಿಯ ಇತಿಹಾಸ | ಭಾಗ 1/9
ಅದೇ ಬಿಳಿ ಕಾರು

ಹೋದ ತಿಂಗಳು ಒಂದು ಶನಿವಾರ ಅಜ್ಜಿಗೆ ಕಣ್ಣು ತೋರಿಸಬೇಕಿತ್ತು. ಹತ್ತೂವರೆಗೆ ಬನ್ನಿ ಅಂದಿದ್ದರು. ಹತ್ತೂಕಾಲಿಗೇ ನಾವು ಮಲ್ಲೇಶ್ವರದಲ್ಲಿದ್ದೆವು. ಕ್ಲಿನಿಕ್ಕಿನ ಬೋರ್ಡು ಕಣ್ಣೆದುರಿಗೇ ಇತ್ತು. ಕಾರು ನಿಲ್ಲಿಸೋಕೆ ಮಾತ್ರ ಜಾಗ ಇರಲಿಲ್ಲ.

ಅಪ್ಪ ಒಂದು ಸುತ್ತು ಹೊಡೆದರು. ಎರಡನೇ ಸುತ್ತೂ ಆಯ್ತು. ಮೂರನೇ ಸಲ ಅಜ್ಜಿಯೇ, "ನನ್ನ ಇಲ್ಲೇ ಇಳಿಸಿಬಿಡಪ್ಪ, ನಿಂತಿರ್ತೀನಿ" ಅಂದರು. ಅವರ ಜೊತೆ ನಾನೂ ಇಳಿದೆ. ಫುಟ್‌ಪಾತ್ ತುಂಬಾ ಬೈಕುಗಳು. ಮೆಟ್ಟಿಲವರೆಗೆ ಹೋಗೋಕೂ ದಾರಿ ಇಲ್ಲದೆ, ಅಜ್ಜಿ ನನ್ನ ತೋಳು ಹಿಡಿದು ರಸ್ತೆ ಅಂಚಿನಲ್ಲೇ ನಿಂತರು.

ಅಲ್ಲಿ ನಿಂತಾಗ ಒಂದು ವಿಷಯ ಗಮನಿಸಿದೆ. ಐದೈದು ನಿಮಿಷಕ್ಕೊಮ್ಮೆ ನಮ್ಮ ಕಾರು ಎದುರಿಗೆ ಹಾದು ಹೋಗ್ತಿತ್ತು. ಅದರ ಹಿಂದೆ ಒಂದು ಬಿಳಿ ಕಾರು. ಮತ್ತೆ ನಮ್ಮ ಕಾರು. ಮತ್ತೆ ಅದೇ ಬಿಳಿ ಕಾರು. ಅಜ್ಜಿ ಕೇಳಿದರು: "ಇವರೆಲ್ಲ ಎಲ್ಲಿಗೆ ಹೊರಟಿದಾರೆ?"

ಎಲ್ಲಿಗೂ ಇಲ್ಲ ಅಜ್ಜಿ. ಎಲ್ಲರೂ ಬಂದಾಗಿದೆ. ನಿಲ್ಲೋಕೆ ಜಾಗ ಇಲ್ಲದೆ ಪ್ರದಕ್ಷಿಣೆ ಹಾಕ್ತಿದಾರೆ ಅಷ್ಟೆ.

ನಾವು ಒಳಗೆ ಹೋಗೋ ಹೊತ್ತಿಗೆ ನಮ್ಮ ಸರದಿ ದಾಟಿತ್ತು. ಡಾಕ್ಟರು ನೋಡಿದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಇದಕ್ಕೆಲ್ಲ ಈಗ ಆ್ಯಪ್ ಇದೆ, ಸೆನ್ಸರ್ ಇದೆ, "ಸ್ಮಾರ್ಟ್ ಪಾರ್ಕಿಂಗ್" ಅಂತ ದೊಡ್ಡ ಹೆಸರೂ ಇದೆ. ಅದು ನಿಜಕ್ಕೂ ಕೆಲಸ ಮಾಡುತ್ತಾ? ಹುಡುಕ್ತಾ ಹೋದರೆ ಕಥೆ 90 ವರ್ಷ ಹಿಂದಕ್ಕೆ ಹೋಯ್ತು. ಬನ್ನಿ.

(ಫೋಟೋ: ಅಜ್ಜಿ ನಿಂತಿದ್ದ ಜಾಗ)

ಭಾಗ 2/9
ಸಂಪಾದಕರಿಗೆ ಬಂದ ತಲೆನೋವು

ಊರು ಓಕ್ಲಹೋಮ ಸಿಟಿ, ಅಮೆರಿಕ. 1928ರಲ್ಲಿ ಅಲ್ಲಿ ನೆಲದಡಿ ಎಣ್ಣೆ ಸಿಕ್ಕಿತ್ತು. ಎಣ್ಣೆಯ ಹಿಂದೆ ಜನ ಬಂದರು, ಜನರ ಹಿಂದೆ ಕಾರುಗಳು ಬಂದವು. ಪೇಟೆ ಬೀದಿಗಳು ಮಾತ್ರ ಮೊದಲಿನಷ್ಟೇ ಅಗಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಪೇಟೆಗೆ ಬರೋರು ಯಾರು ಹೇಳಿ? ಗಿರಾಕಿಗಳಲ್ಲ. ಅಂಗಡಿ, ಆಫೀಸುಗಳಲ್ಲಿ ಕೆಲಸ ಮಾಡೋರು. ಅವರು ಅಂಗಡಿ ಮುಂದೆಯೇ ಕಾರು ನಿಲ್ಲಿಸಿ ಒಳಗೆ ಹೋದರೆ ಸಂಜೆವರೆಗೂ ತೆಗೀತಿರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಬಂದ ಗಿರಾಕಿ ಜಾಗ ಸಿಗದೆ ವಾಪಸ್. ಪೊಲೀಸರು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಬಂದು ನೋಡಿ ದಂಡ ಹಾಕೋರು. ಆದರೆ ಎಷ್ಟು ಟೈರಿಗೆ ಅಂತ ಗೆರೆ ಎಳೆಯೋದು?

ಊರಿನ ವರ್ತಕರ ಸಂಘ ಈ ತಲೆನೋವನ್ನು ವಹಿಸಿದ್ದು ಒಬ್ಬ ಪತ್ರಿಕಾ ಸಂಪಾದಕರಿಗೆ. ಹೆಸರು ಕಾರ್ಲ್ ಮಗೀ. ಸಾಮಾನ್ಯ ಆಸಾಮಿ ಅಲ್ಲ. ನ್ಯೂ ಮೆಕ್ಸಿಕೋದಲ್ಲಿ ಪತ್ರಿಕೆ ನಡೆಸ್ತಿದ್ದಾಗ, ಅಮೆರಿಕದ ಸರ್ಕಾರವನ್ನೇ ನಡುಗಿಸಿದ ಟೀಪಾಟ್ ಡೋಮ್ ಲಂಚ ಹಗರಣ ಬಯಲಾಗೋದಕ್ಕೆ ನೆರವಾದವರು. 1927ರಲ್ಲಿ ಓಕ್ಲಹೋಮಕ್ಕೆ ಬಂದಿದ್ದರು.

ಮಗೀ ಯೋಚಿಸಿದ್ದು ಹೀಗೆ: ಪ್ರತಿ ಕಾರಿಗೂ ಒಬ್ಬ ಪೊಲೀಸನನ್ನು ನಿಲ್ಲಿಸೋಕೆ ಆಗಲ್ಲ, ಆದರೆ ಪ್ರತಿ ಜಾಗಕ್ಕೂ ಒಂದು ಗಡಿಯಾರ ನಿಲ್ಲಿಸಬಹುದಲ್ಲ?

ತಾವೇ ಒಂದು ಒರಟು ಮಾದರಿ ಮಾಡಿದರು. ಓಕ್ಲಹೋಮದ ಕೃಷಿ ಮತ್ತು ಯಂತ್ರವಿದ್ಯಾ ಕಾಲೇಜಿನ ವಿದ್ಯಾರ್ಥಿಗಳಿಗೆ ಸ್ಪರ್ಧೆ ಇಟ್ಟರು. ಕೊನೆಗೆ ಕೆಲಸ ಮಾಡುವ ಯಂತ್ರ ಕೊಟ್ಟಿದ್ದು ಅಲ್ಲಿನ ಪ್ರಾಧ್ಯಾಪಕ ಹೋಲ್ಗರ್ ಥೂಸೆನ್ ಮತ್ತು ಅವರ ಶಿಷ್ಯ ಜೆರಾಲ್ಡ್ ಹೇಲ್. ಒಳಗೆ ಸ್ಪ್ರಿಂಗು, ಹೊರಗೆ ಮುಳ್ಳು. ನಾಣ್ಯ ಹಾಕಿದರೆ ಸಮಯ ಓಡೋಕೆ ಶುರು.

ಭಾಗ 3/9
16 ಜುಲೈ 1935

ಆ ದಿನ ಓಕ್ಲಹೋಮ ಸಿಟಿಯ ಫಸ್ಟ್ ಸ್ಟ್ರೀಟ್ ಮತ್ತು ರಾಬಿನ್ಸನ್ ಅವೆನ್ಯೂ ಸೇರುವ ಮೂಲೆಯಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನಿಂತಿತು. ಹೆಸರು ಪಾರ್ಕ್-ಓ-ಮೀಟರ್. ಗಂಟೆಗೆ ಐದು ಸೆಂಟು.

ಜನ ಏನಂದಿರಬಹುದು? ನೀವೂ ನಾನೂ ಏನಂತೀವೋ ಅದನ್ನೇ. "ಕಾರು ಕೊಂಡಾಗಲೇ ತೆರಿಗೆ ಕಟ್ಟಿದೀವಿ. ರಸ್ತೆ ನಮ್ಮದೇ. ನಿಲ್ಲೋಕೂ ದುಡ್ಡಾ?" ಅಮೆರಿಕದ ಗುಣಕ್ಕೇ ಇದು ವಿರುದ್ಧ ಅಂತ ಕೂಗೆದ್ದಿತು. ಒಂದು ತಿಂಗಳೊಳಗೆ ಒಬ್ಬ ಪಾದ್ರಿಯವರು ಮೀಟರ್ ವಿಷಯಕ್ಕೆ ಸಿಕ್ಕಿಬಿದ್ದರು. "ಚಿಲ್ಲರೆ ತರೋಕೆ ಅಂಗಡಿಗೆ ಹೋಗಿದ್ದೆ" ಅನ್ನೋದು ಅವರ ವಾದ. ಚಿಲ್ಲರೆ ಸಮಸ್ಯೆ ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ ಒಂದೇ ನೋಡಿ.

ಆದರೆ ಮಜಾ ಇರೋದು ಇಲ್ಲಿ. ಮೊದಲು ಮೀಟರ್ ಹಾಕಿದ್ದು ಬೀದಿಯ ಒಂದು ಬದಿಗೆ ಮಾತ್ರ. ಆ ಬದಿಯಲ್ಲಿ ಕಾರುಗಳು ಬಂದವು, ಹೋದವು, ಗಿರಾಕಿಗಳಿಗೆ ಜಾಗ ಸಿಕ್ಕಿತು. ಎದುರು ಬದಿಯಲ್ಲಿ ಎಂದಿನಂತೆ ದಿನವಿಡೀ ಜಾಮ್. ಕೆಲವೇ ದಿನಗಳಲ್ಲಿ ಎದುರು ಬದಿಯ ಅಂಗಡಿಯವರೇ ಬಂದು ಕೇಳಿದರು: ನಮ್ಮ ಕಡೆಗೂ ಮೀಟರ್ ಹಾಕಿ.

1938ರಲ್ಲಿ ಮಗೀಗೆ ಪೇಟೆಂಟ್ ಸಿಕ್ಕಿತು. 1940ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ 1,40,000ಕ್ಕೂ ಹೆಚ್ಚು ಮೀಟರ್‌ಗಳಿದ್ದವು.

ಒಂದು ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಮೀಟರ್ ಹುಟ್ಟಿದ್ದು ದುಡ್ಡು ಮಾಡೋಕಲ್ಲ. ಜಾಗ ಖಾಲಿ ಮಾಡಿಸೋಕೆ. ದುಡ್ಡು ಆಮೇಲೆ ರುಚಿ ಹತ್ತಿದ್ದು.

ಭಾಗ 4/9
ಕುರುಡು ಗಡಿಯಾರ

ಮಗೀ ಅವರ ಯಂತ್ರಕ್ಕೆ ಒಂದು ದೊಡ್ಡ ಕೊರತೆ ಇತ್ತು. ಅದಕ್ಕೆ ಸಮಯ ಗೊತ್ತಿತ್ತು, ಬೀದಿ ಗೊತ್ತಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಬೀದಿ ಭಣಗುಡ್ತಿದ್ದರೂ ಅದೇ ದರ. ಮಧ್ಯಾಹ್ನ ಸೂಜಿ ಹಾಕೋಕೂ ಜಾಗ ಇಲ್ಲದಿದ್ದರೂ ಅದೇ ದರ.

ಇದನ್ನು ಸರಿಮಾಡಬೇಕು ಅಂತ 1954ರಲ್ಲೇ ಒಬ್ಬರು ಬರೆದರು. ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ಕಾಲಿಗೆ ರೋಲರ್ ಸ್ಕೇಟ್ಸ್ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿನಿಂದ ಕ್ಲಾಸಿಗೆ ಬರ್ತಿದ್ದ ಪ್ರೊಫೆಸರ್! ಅವರ ಸಲಹೆ ಸರಳ. ಬೀದಿ ತುಂಬುತ್ತಾ ಬಂದ ಹಾಗೆ ಮೀಟರಿನ ದರ ಏರಲಿ, ಖಾಲಿ ಇದ್ದಾಗ ಇಳಿಯಲಿ. ಯಾವಾಗ ಬಂದರೂ ಒಂದೆರಡು ಜಾಗ ಸಿಗುವ ಹಾಗಿರಲಿ.

ಆಗ ಇದು ಹಗಲುಗನಸು. ಸ್ಪ್ರಿಂಗಿನ ಗಡಿಯಾರಕ್ಕೆ ಪಕ್ಕದ ಜಾಗ ಖಾಲಿ ಇದೆಯೋ ತುಂಬಿದೆಯೋ ತಿಳಿಯೋದು ಹೇಗೆ? ವಿಕ್ರಿ ಅವರಿಗೆ 1996ರ ಅಕ್ಟೋಬರ್‌ನಲ್ಲಿ ನೊಬೆಲ್ ಘೋಷಣೆಯಾಯ್ತು. ಮೂರೇ ದಿನಕ್ಕೆ ತೀರಿಕೊಂಡರು. ತಮ್ಮ ಮೀಟರ್ ಬೀದಿಗೆ ಬಂದಿದ್ದನ್ನು ಅವರು ನೋಡಲಿಲ್ಲ.

ಈ ನಡುವೆ ಇನ್ನೊಂದು ಕಡೆಯಿಂದ ಕೆಲಸ ನಡೆದಿತ್ತು. ಜರ್ಮನಿಯ ಆಖೆನ್ ನಗರದಲ್ಲಿ 1970ರ ದಶಕದ ಆರಂಭದಲ್ಲೇ ರಸ್ತೆ ಬದಿ ಬದಲಾಗುವ ಫಲಕಗಳು ಬಂದವು. ಯಾವ ಪಾರ್ಕಿಂಗ್ ಕಟ್ಟಡದಲ್ಲಿ ಜಾಗ ಇದೆ, ಯಾವುದು ಭರ್ತಿ ಅನ್ನೋದನ್ನ ಮೊದಲೇ ಹೇಳೋ ಫಲಕ. ಇವತ್ತು ಮಾಲ್‌ಗಳ ನೆಲಮಾಳಿಗೆಯಲ್ಲಿ ಪ್ರತಿ ಜಾಗದ ಮೇಲೂ ಹಸಿರು, ಕೆಂಪು ದೀಪ ನೋಡ್ತೀರಲ್ಲ, ಅದು ಈ ಫಲಕದ ಮೊಮ್ಮಗು.

ಭಾಗ 5/9
ಭೂಮಿಗೆ 38 ಸುತ್ತು

ಈಗ ಅಜ್ಜಿಯ ಪ್ರಶ್ನೆಗೆ ಬರೋಣ: ಇವರೆಲ್ಲ ಎಲ್ಲಿಗೆ ಹೊರಟಿದಾರೆ?

ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಇದನ್ನೇ ಎಣಿಸೋಕೆ ಹೊರಟರು. ಯುನಿವರ್ಸಿಟಿ ಪಕ್ಕದ ವೆಸ್ಟ್‌ವುಡ್ ವಿಲೇಜ್ ಅನ್ನೋ ಪೇಟೆ, ಬರೀ 15 ಬ್ಲಾಕು. ಒಂದು ಜಾಗ ಸಿಗೋಕೆ ಎಷ್ಟು ಹೊತ್ತು, ಎಷ್ಟು ದೂರ ಅಂತ ವಿದ್ಯಾರ್ಥಿಗಳ ಜೊತೆ ಅಳೆದರು.

ಉತ್ತರ: ಸರಾಸರಿ 3.3 ನಿಮಿಷ, ಸುಮಾರು 800 ಮೀಟರ್. ಇಷ್ಟೇನಾ ಅನ್ನಿಸ್ತಾ? ಆದರೆ ಒಂದೇ ಜಾಗಕ್ಕೆ ದಿನಕ್ಕೆ ಎಷ್ಟೋ ಕಾರು ಬಂದು ಹೋಗುತ್ತೆ. ಎಲ್ಲ ಕೂಡಿಸಿದರೆ ಆ ಪುಟ್ಟ ಪೇಟೆಯಲ್ಲಿ ವರ್ಷಕ್ಕೆ 9,50,000 ಮೈಲಿ. ಅಂದರೆ 15 ಲಕ್ಷ ಕಿಲೋಮೀಟರ್‌ಗೂ ಹೆಚ್ಚು. ಭೂಮಿಗೆ 38 ಸುತ್ತು. ಯಾರೂ ಎಲ್ಲಿಗೂ ಹೋಗದೆ!

ಅಂಥ ಅಲೆದಾಟಕ್ಕೆ ಕಾರಣವನ್ನೂ ಶೂಪ್ ಹೇಳಿದರು. ಬೀದಿ ಬದಿಯ ಜಾಗ ತೀರಾ ಅಗ್ಗ, ಪಕ್ಕದ ಪಾರ್ಕಿಂಗ್ ಕಟ್ಟಡ ದುಬಾರಿ. ಹಾಗಿದ್ದಾಗ ಎಲ್ಲರೂ ಬೀದಿಯಲ್ಲೇ ಅದೃಷ್ಟ ಪರೀಕ್ಷೆ ಮಾಡ್ತಾರೆ. 2005ರಲ್ಲಿ ಅವರು ಬಿಟ್ಟಿ ಪಾರ್ಕಿಂಗಿಗೆ ನಾವು ತೆರುವ ಭಾರೀ ಬೆಲೆಯ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ಬಿಟ್ಟಿ ಅನ್ನೋದು ಇಲ್ಲವೇ ಇಲ್ಲ, ಅದರ ಬೆಲೆ ಬೇರೆ ಯಾರೋ ಕಟ್ತಿರ್ತಾರೆ ಅನ್ನೋದು ಅದರ ತಿರುಳು. ಶೂಪ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಒಂದು ಎಚ್ಚರಿಕೆ. "ಸಿಟಿ ಟ್ರಾಫಿಕ್‌ನಲ್ಲಿ 30% ಪಾರ್ಕಿಂಗ್ ಹುಡುಕೋರು" ಅಂತ ರೀಲ್ಸ್‌ಗಳಲ್ಲಿ ನೋಡಿರ್ತೀರಿ. ಅದು ಕಿಕ್ಕಿರಿದ ಕೆಲವು ಪೇಟೆಗಳಲ್ಲಿ ಬೇರೆಬೇರೆ ಕಾಲದಲ್ಲಿ ಮಾಡಿದ ಅಧ್ಯಯನಗಳ ಸರಾಸರಿ. ಎಲ್ಲ ಊರಿಗೂ, ಎಲ್ಲ ಹೊತ್ತಿಗೂ ಅನ್ವಯ ಆಗಲ್ಲ. ಪ್ರಾಜೆಕ್ಟ್ ರಿಪೋರ್ಟಲ್ಲಿ ಹಾಕೋರು ಹುಷಾರು.

ಭಾಗ 6/9
ಸ್ಯಾನ್ ಫ್ರಾನ್ಸಿಸ್ಕೋ ಪ್ರಯೋಗ

2011. ಸ್ಯಾನ್ ಫ್ರಾನ್ಸಿಸ್ಕೋ ನಗರ ಎಸ್‌ಎಫ್‌ಪಾರ್ಕ್ ಅನ್ನೋ ಪ್ರಯೋಗ ಶುರುಮಾಡಿತು. ವಿಕ್ರಿ ಕಂಡ ಕನಸಿಗೆ, ಶೂಪ್ ಮಾಡಿದ ಲೆಕ್ಕಕ್ಕೆ ಕೊನೆಗೂ ಯಂತ್ರ ಸಿಕ್ಕಿತ್ತು.

ನಗರದ 7 ಪ್ರದೇಶಗಳಲ್ಲಿ ಸುಮಾರು 7,000 ಬೀದಿ ಬದಿ ಜಾಗ. ಜೊತೆಗೆ ನಗರಾಡಳಿತದ್ದೇ ಆದ ಪಾರ್ಕಿಂಗ್ ಕಟ್ಟಡಗಳಲ್ಲಿ 12,000ಕ್ಕೂ ಹೆಚ್ಚು ಜಾಗ. ಬೀದಿಯ ಪ್ರತಿ ಜಾಗದಲ್ಲೂ ನೆಲಕ್ಕೆ ಅಂಟಿದ ಒಂದು ಪುಟ್ಟ ಸೆನ್ಸರ್. ಕಾರು ಅಂದರೆ ದೊಡ್ಡ ಕಬ್ಬಿಣದ ರಾಶಿ ತಾನೆ? ಅದು ಮೇಲೆ ಬಂದು ನಿಂತರೆ ಸುತ್ತಲಿನ ಕಾಂತಕ್ಷೇತ್ರ ಸ್ವಲ್ಪ ಬದಲಾಗುತ್ತೆ. ಸೆನ್ಸರ್ ಅದನ್ನು ಗುರುತಿಸಿ "ಭರ್ತಿ" ಅಂತ ಸುದ್ದಿ ಕಳಿಸುತ್ತೆ. ಎಲ್ಲಿ ಜಾಗ ಇದೆ ಅಂತ ಆ್ಯಪ್‌ನಲ್ಲಿ ಕಾಣುತ್ತೆ.

ದರ ಬದಲಿಸೋ ನಿಯಮ ಎಷ್ಟು ಸಲೀಸು ನೋಡಿ:

80%ಗಿಂತ ಹೆಚ್ಚು ತುಂಬಿದ್ದರೆ ಗಂಟೆಗೆ 25 ಸೆಂಟು ಏರಿಸು.
60ರಿಂದ 80% ಇದ್ದರೆ ಮುಟ್ಟಬೇಡ.
30ರಿಂದ 60% ಇದ್ದರೆ 25 ಸೆಂಟು ಇಳಿಸು.
30%ಗಿಂತ ಕಡಿಮೆ ಇದ್ದರೆ 50 ಸೆಂಟು ಇಳಿಸು.

ಬ್ಲಾಕಿನಿಂದ ಬ್ಲಾಕಿಗೆ ದರ ಬೇರೆ. ಬೆಳಗ್ಗೆ, ಮಧ್ಯಾಹ್ನ, ಸಂಜೆಗೆ ಬೇರೆ. ಗಂಟೆಗೆ ಕಡಿಮೆ ಅಂದರೆ 25 ಸೆಂಟು, ಹೆಚ್ಚು ಅಂದರೆ 6 ಡಾಲರ್. ನಿಮಿಷಕ್ಕೊಂದು ಸಲ ದರ ಕುಣಿಯೋ ಕ್ಯಾಬ್ ಆ್ಯಪ್ ಥರ ಅಲ್ಲ. ಕೆಲವು ವಾರಕ್ಕೊಮ್ಮೆ, ಮೊದಲೇ ಎಲ್ಲರಿಗೂ ತಿಳಿಸಿ ಬದಲಿಸೋದು.

ಗುರಿ ಒಂದೇ. ಪ್ರತಿ ಬ್ಲಾಕಿನಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಇರಬೇಕು.

ಭಾಗ 7/9
ಎಲ್ಲರೂ ತಪ್ಪು ಊಹಿಸಿದ್ದರು

"ಇದೆಲ್ಲ ದುಡ್ಡು ಕೀಳೋ ನೆಪ" ಅನ್ನೋದು ಅಲ್ಲಿನ ಜನರ ಮೊದಲ ಮಾತು. ನಾವಾಗಿದ್ದರೂ ಅದನ್ನೇ ಅಂತಿದ್ದೆವು. 2014ರಲ್ಲಿ ಲೆಕ್ಕ ಹೊರಬಂತು.

ಬೀದಿ ಬದಿಯ ಸರಾಸರಿ ದರ ಗಂಟೆಗೆ 2.69 ಡಾಲರಿನಿಂದ 2.58ಕ್ಕೆ ಇಳಿದಿತ್ತು. ಕಟ್ಟಡಗಳಲ್ಲಿ 3.45 ಡಾಲರಿನಿಂದ 3.03ಕ್ಕೆ. ಹೌದು, ಸರಿಯಾಗಿ ಓದಿದ್ರಿ. ಏರಲಿಲ್ಲ, ಇಳಿಯಿತು!

ಯಾಕೆ? ತುಂಬಿ ತುಳುಕೋ ಬ್ಲಾಕುಗಳ ಪಕ್ಕದ ಬೀದಿಯಲ್ಲೇ ಅರ್ಧ ಖಾಲಿ ಬ್ಲಾಕುಗಳೂ ಇದ್ದವು. ಕಟ್ಟಡಗಳಲ್ಲೂ ಜಾಗ ಇತ್ತು. ಯಾರಿಗೂ ಗೊತ್ತಿರಲಿಲ್ಲ, ಅಥವಾ ಅಲ್ಲಿಗೆ ಹೋಗೋಕೆ ಕಾರಣ ಇರಲಿಲ್ಲ. ಅಲ್ಲಿ ದರ ಇಳಿದಾಗ ಕೆಲವರು ಎರಡು ಬೀದಿ ಆಚೆ ನಿಲ್ಲಿಸಿ ನಡೆದರು. ಇಡೀ ದಿನ ನಿಲ್ಲಿಸೋರು ಕಟ್ಟಡದೊಳಗೆ ಹೋದರು. ಅವಸರದಲ್ಲಿದ್ದವರಿಗೆ ಬಾಗಿಲ ಮುಂದೆಯೇ ಜಾಗ ಸಿಕ್ಕಿತು. ಎಲ್ಲರೂ ಜಾಗ ಬಿಡಬೇಕಿರಲಿಲ್ಲ. ಹತ್ತರಲ್ಲಿ ಒಬ್ಬರು, ಇಬ್ಬರು ಬಿಟ್ಟರೆ ಸಾಕಿತ್ತು.

ಜಾಗ ಹುಡುಕೋ ಸಮಯ 43% ಕಡಿಮೆಯಾಯ್ತು ಅಂತ ಜನ ಹೇಳಿದರು. ಪ್ರಯೋಗ ಮಾಡದೆ ಹೋಲಿಕೆಗೆ ಇಟ್ಟುಕೊಂಡಿದ್ದ ಪ್ರದೇಶಗಳಲ್ಲಿ ಅದು 13% ಮಾತ್ರ. ದಂಡದ ಚೀಟಿಗಳೂ 23% ಕಡಿಮೆ. ದಂಡದಿಂದ ದುಡ್ಡು ಮಾಡೋ ಯೋಜನೆ ಆಗಿದ್ದರೆ ಇದು ಆಗ್ತಿತ್ತಾ?

ನನ್ನ ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು: "ಹಾಗಾದ್ರೆ ಒಳ್ಳೇ ಜಾಗ ದುಡ್ಡಿದ್ದವರಿಗೆ ಅಂತಾಯ್ತಲ್ಲ?" ನ್ಯಾಯವಾದ ಪ್ರಶ್ನೆ. ಕೊನೇ ಭಾಗದಲ್ಲಿ ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು ಒಂದು ಸಾವಿನ ಸುದ್ದಿ.

ಭಾಗ 8/9
ಸೆನ್ಸರ್ ಸತ್ತಿತು

30 ಡಿಸೆಂಬರ್ 2013. ಸ್ಯಾನ್ ಫ್ರಾನ್ಸಿಸ್ಕೋ ತನ್ನ ಬೀದಿಯ ಸೆನ್ಸರ್‌ಗಳನ್ನೆಲ್ಲ ಆಫ್ ಮಾಡಿತು.

ಬ್ಯಾಟರಿಗಳ ಆಯಸ್ಸು ಮುಗಿದಿತ್ತು. ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳಿಂದ ಸೆನ್ಸರ್‌ಗಳಿಗೆ ಅಡಚಣೆಯೂ ಆಗ್ತಿತ್ತು. ಸಾವಿರಾರು ಬ್ಯಾಟರಿ ಬದಲಿಸೋದು, ರಿಪೇರಿ ಮಾಡಿಸೋದು ಅಂದರೆ ಮೂಗಿಗಿಂತ ಮೂಗುತಿ ಭಾರ.

ಅಲ್ಲಿಗೆ ಕಥೆ ಮುಗೀತು ಅನ್ಕೊಂಡ್ರಾ? ಇಲ್ಲ. ಪ್ರಯೋಗದ ವೇಳೆ ಅವರ ಹತ್ತಿರ ಎರಡು ಲೆಕ್ಕ ಇದ್ದವು: ಸೆನ್ಸರ್ ಹೇಳಿದ್ದು, ಮೀಟರಿಗೆ ಬಿದ್ದ ದುಡ್ಡು ಹೇಳಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಯಾವ ಬ್ಲಾಕಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ದುಡ್ಡು ಕಟ್ಟಿದರು ಅನ್ನೋದರಿಂದಲೇ ಎಷ್ಟು ಕಾರು ನಿಂತಿತ್ತು ಅಂತ ಚೆನ್ನಾಗಿ ಅಂದಾಜು ಮಾಡಬಹುದು ಅಂತ ಗೊತ್ತಾಯ್ತು. ಸೆನ್ಸರ್ ಇಲ್ಲದೆಯೇ ದರ ಏರಿಳಿಸೋದು ಮುಂದುವರಿಯಿತು. 2017ರ ಕೊನೆಗೆ ಈ ಪದ್ಧತಿಯನ್ನು ನಗರದ ಎಲ್ಲ ಮೀಟರ್‌ಗಳಿಗೂ ವಿಸ್ತರಿಸಲು ಒಪ್ಪಿಗೆ ಸಿಕ್ಕಿತು.

ಇಡೀ ಸರಣಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಫೋಟೋ ತೆಗೆಸಿಕೊಂಡಿದ್ದು ಸೆನ್ಸರ್. ಕೆಲಸ ಮಾಡಿದ್ದು ನಿಯಮ. ನಿಯಮ ಗಟ್ಟಿ ಇದ್ದದ್ದಕ್ಕೆ ಯಂತ್ರ ಸತ್ತರೂ ಪದ್ಧತಿ ಬದುಕಿತು. ತಿರುಗಿಸಿ ನೋಡಿ: ನಿಯಮ ಇಲ್ಲದೆ ಸೆನ್ಸರ್ ಮಾತ್ರ ತಂದರೆ ಏನಾಗುತ್ತೆ? "ಜಾಗ ಇಲ್ಲ" ಅನ್ನೋದನ್ನ ಮೊಬೈಲಲ್ಲಿ ನೋಡಬಹುದು. ಅಷ್ಟೇ. ಅದು ಅಪ್ಪನಿಗೆ ಸೆನ್ಸರ್ ಇಲ್ಲದೆಯೂ ಗೊತ್ತಿತ್ತು.

ಭಾಗ 9/9
ರಸ್ತೆ ಯಾರದ್ದು?

ಈಗ ಆ ಪ್ರಶ್ನೆ. ದುಡ್ಡಿದ್ದವರಿಗೆ ಮಾತ್ರ ಜಾಗವಾ?

ಮೊದಲು ಇದನ್ನು ಯೋಚಿಸಿ. ಇವತ್ತು ಬಿಟ್ಟಿ ಪಾರ್ಕಿಂಗ್ ಸಿಕ್ತಿರೋದು ಯಾರಿಗೆ? ಕಾರು ಇರೋರಿಗೆ. ಬಸ್ಸಲ್ಲಿ ಬರೋ ಹೂವಿನಮ್ಮ, ನಡೆದು ಬರೋ ಸ್ಕೂಲ್ ಮಕ್ಕಳು, ರಸ್ತೆ ಅಂಚಲ್ಲಿ ನಿಂತ ನನ್ನ ಅಜ್ಜಿ, ಇವರೆಲ್ಲರ ಪಾಲಿನ ರಸ್ತೆಯೂ ಅದರಲ್ಲಿ ಸೇರಿದೆ. ಅವರಿಗೆ ಅದಕ್ಕೆ ಬದಲಾಗಿ ಏನೂ ಸಿಗ್ತಿಲ್ಲ.

ಶೂಪ್ ಬರೀ ದರ ಹಾಕಿ ಅನ್ನಲಿಲ್ಲ. ಬಂದ ದುಡ್ಡನ್ನು ಅದೇ ಬೀದಿಗೆ ವಾಪಸ್ ಕೊಡಿ ಅಂದರು. ಅವರು ಕೊಡ್ತಿದ್ದ ಉದಾಹರಣೆ ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನ. ಸೊರಗಿ ಹೋಗಿದ್ದ ಹಳೇ ಪೇಟೆ. 1993ರಲ್ಲಿ ಅಲ್ಲಿ ಮೀಟರ್ ಬಂತು. ದುಡ್ಡು ಅಲ್ಲಿನ ಫುಟ್‌ಪಾತು, ಬೀದಿ ದೀಪ, ಮರ, ಸ್ವಚ್ಛತೆಗೇ ಹೋಗುತ್ತೆ ಅಂತ ಮಾತಾಗಿದ್ದರಿಂದಲೇ ಅಂಗಡಿಯವರು ಒಪ್ಪಿದ್ದು. ಪೇಟೆ ಮತ್ತೆ ಜೀವ ಪಡೆಯಿತು.

ನಮ್ಮ ಬೆಂಗಳೂರಲ್ಲೂ ಫ್ರೀಡಂ ಪಾರ್ಕ್ ಹತ್ತಿರ ಬಹುಮಹಡಿ ಪಾರ್ಕಿಂಗ್ ಕಟ್ಟಡ 2024ರಲ್ಲಿ ಬಾಗಿಲು ತೆರೆಯಿತು. ಒಳ್ಳೇದೇ. ಆದರೆ ಯಾವುದೇ ಕಟ್ಟಡದ ಸುತ್ತಲಿನ ರಸ್ತೆಯಲ್ಲಿ ಬಿಟ್ಟಿ ಜಾಗ ಇದ್ದರೆ ದುಡ್ಡು ಕೊಟ್ಟು ಒಳಗೆ ಯಾರು ಹೋಗ್ತಾರೆ? ಬೀದಿ, ಕಟ್ಟಡ ಎರಡನ್ನೂ ಒಟ್ಟಿಗೆ ನೋಡದೆ ಹೋದರೆ ಲಿಫ್ಟು, ದೀಪ, ಆ್ಯಪ್ ಎಷ್ಟಿದ್ದರೂ ಸಾಲದು. ನಮ್ಮಲ್ಲಿ ಇನ್ನೂ ಎರಡು ಸೇರಿಸಬೇಕು. ಎಷ್ಟೋ ಕಡೆ ಟೋಕನ್ ಹರಿದು ಕೊಡೋ ಅಣ್ಣನ ಸಂಬಳ ಅದೇ ಜಾಗದಿಂದ ಬರುತ್ತೆ. ಯಂತ್ರ ಬಂದಾಗ ಅವನಿಗೂ ಒಂದು ಕೆಲಸ ಇರಬೇಕು. ಎರಡನೇದು, ವಯಸ್ಸಾದವರನ್ನ, ಕಾಲಿಗೆ ಶಕ್ತಿ ಇಲ್ಲದವರನ್ನ ಇಳಿಸೋ ಜಾಗಕ್ಕೆ ಯಾವ ದರವೂ ಇರಬಾರದು, ಯಾವ ಗಾಡಿಯೂ ನಿಲ್ಲಬಾರದು.

ಮುಂದಿನ ಸಲ "ಸ್ಮಾರ್ಟ್ ಪಾರ್ಕಿಂಗ್" ಅನ್ನೋ ಬೋರ್ಡ್ ಕಂಡರೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಯಾವಾಗಲೂ ಒಂದು ಜಾಗ ಖಾಲಿ ಸಿಗುತ್ತಾ? ದುಡ್ಡು ಎಲ್ಲಿಗೆ ಹೋಗುತ್ತೆ? ನಡೆಯೋರಿಗೆ ಫುಟ್‌ಪಾತ್ ವಾಪಸ್ ಬಂತಾ?

ಅಜ್ಜಿಗೆ ಮುಂದಿನ ತಿಂಗಳು ಮತ್ತೆ ಚೆಕಪ್ ಇದೆ. ಈ ಸಲ ಮೆಟ್ರೋದಲ್ಲಿ ಹೋಗೋಣ ಅಂದೆ. ಅವರು ಕೇಳಿದ್ದು ಒಂದೇ: "ಸ್ಟೇಷನ್ನಿಂದ ಅಲ್ಲಿವರೆಗೆ ನಡೆಯೋಕೆ ಜಾಗ ಇದೆಯೇನೋ?"

ನಿಮ್ಮ ಬೀದಿಯಲ್ಲಿ ಇದೆಯಾ? ಫುಟ್‌ಪಾತಿನ ಒಂದು ಫೋಟೋ ತೆಗೆದು ಸ್ಟೋರಿಗೆ ಹಾಕಿ, ನನ್ನ ಟ್ಯಾಗ್ ಮಾಡಿ. ಎಣಿಸೋದು ಅಲ್ಲಿಂದ ಶುರುವಾಗಲಿ.

#ಬೀದಿಯಇತಿಹಾಸ #ಖಾಲಿಜಾಗ #ಕನ್ನಡದಲ್ಲಿಇತಿಹಾಸ